ಜಾರದ ನೆಲದ ಕಲೆ

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಮಾರತ್ತಹಳ್ಳಿಯ ಆಸುಪಾಸಿನವರು ದೋಣಿ ಕಂಡರು. ಕೆರೆಯಲ್ಲಲ್ಲ, ರಸ್ತೆಯಲ್ಲಿ. 4ನೇ ತಾರೀಖಿನ ರಾತ್ರಿ ಹಿಡಿದ ಮಳೆ ಬೆಳಗಾಗುವಷ್ಟರಲ್ಲಿ 131.6 ಮಿಲಿಮೀಟರ್ ಸುರಿದಿತ್ತು. ಹೊರವರ್ತುಲ ರಸ್ತೆಯ ಐಟಿ ಕಂಪನಿಗಳ ಗೇಟಿಗೆ ಟ್ರ್ಯಾಕ್ಟರುಗಳು ಬಂದು ನಿಂತವು. ಯಮಲೂರು, ಬೆಳ್ಳಂದೂರು ಕಡೆಯ ಬಡಾವಣೆಗಳಿಂದ ಜನರನ್ನು ರಬ್ಬರ್ ದೋಣಿಗಳಲ್ಲಿ ಹೊರಗೆ ತಂದರು. ಲ್ಯಾಪ್‌ಟಾಪ್ ಬ್ಯಾಗು ಅಪ್ಪಿಕೊಂಡು ಟ್ರಾಲಿಯಲ್ಲಿ ನಿಂತ ಎಂಜಿನಿಯರುಗಳನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿ ನಕ್ಕಿತು. ನೀರಿಳಿದ ಮೇಲೆ ನಡೆದದ್ದನ್ನು ನೋಡಲು ಮಾತ್ರ ಯಾವ ಕ್ಯಾಮೆರಾವೂ ಉಳಿದಿರಲಿಲ್ಲ.

ನೀರಿಳಿದ ಮೇಲೆ ಉಳಿದದ್ದು ಕೆಸರು. ಚರಂಡಿ ಬೆರೆತ, ಬೆಣ್ಣೆಯಷ್ಟು ನುಣುಪಾದ ಕೆಸರು. ಅಪಾರ್ಟ್‌ಮೆಂಟುಗಳ ಲಾಬಿಯ ಗ್ರಾನೈಟ್ ಎರಡು ಸಲ ಒರೆಸಿದರೆ ಮೊದಲಿನಂತಾಯಿತು. ಹೈರಾಣ ಮಾಡಿದ್ದು ಜಾರಬಾರದೆಂದು ಹಾಕಿಸಿದ ನೆಲಗಳು: ಬೇಸ್‌ಮೆಂಟಿಗೆ ಇಳಿಯುವ ಗೀರು ಗೀರಿನ ಕಾಂಕ್ರೀಟ್ ಇಳಿಜಾರು, ಪಾರ್ಕಿಂಗಿನ ಚೌಕುಳಿ ಟೈಲ್ಸು, ಕೆಳಮನೆಗಳ ಬಚ್ಚಲು. ಕಾರು ತೊಳೆಯುವ ಪ್ರೆಷರ್ ಪಂಪು ತಂದು ಹೊಡೆದರೂ ಗೀರಿನ ತಳದಲ್ಲಿ ಬೂದುಗೆಂಪು ಗೆರೆ ಉಳಿಯಿತು. ನಮ್ಮ ಕೆಂಪು ಮಣ್ಣಿನ ಕಣ ಅಷ್ಟು ಸಣ್ಣದು, ಒಣಗಿದರೆ ಅಷ್ಟು ಹಟಮಾರಿ.

ದೋಣಿಯವರಿಗೆ ಈ ತಲೆನೋವು ಹೊಸದಲ್ಲ. ಫೈಬರ್ ದೋಣಿಯ ನೆಲವನ್ನು ಅಚ್ಚಿನಲ್ಲೇ ಸಣ್ಣ ಸಣ್ಣ ವಜ್ರಾಕಾರದ ಉಬ್ಬುಗಳಿರುವಂತೆ ಎರಕ ಹೊಯ್ಯುತ್ತಾರೆ. ಇಲ್ಲವೇ ಬಣ್ಣಕ್ಕೆ ಮರಳನ್ನೋ ಅಕ್ರೋಟ್ ಚಿಪ್ಪಿನ ಪುಡಿಯನ್ನೋ ಬೆರೆಸಿ ಬಳಿಯುತ್ತಾರೆ. ಒದ್ದೆ ಕಾಲು ನಿಲ್ಲುವುದು ಆ ಉಬ್ಬುಗಳ ಮೇಲೆ. ಮೀನಿನ ರಕ್ತ, ಡೀಸೆಲ್ ಜಿಡ್ಡು, ಚಪ್ಪಲಿಯ ಕರಿ ಇಳಿಯುವುದು ಅವುಗಳ ನಡುವಿನ ತಗ್ಗಿಗೆ. ಆದ್ದರಿಂದ ಮಲ್ಪೆಯಂಥ ಬಂದರಿನಲ್ಲಿ ಮೀನಿಳಿಸಿದ ದೋಣಿಯನ್ನು ಒಣಗಲು ಬಿಡುವುದಿಲ್ಲ, ಹಸಿಯಿದ್ದಾಗಲೇ ತಣ್ಣೀರು ಸುರಿದು ತಿಕ್ಕುತ್ತಾರೆ. ಬಿಸಿನೀರು ಬಿದ್ದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ಅಲ್ಲೇ ಕೂರುತ್ತದೆ. ದೋಣಿಯ ಬೇರೆಲ್ಲ ಭಾಗಕ್ಕೆ ಮೇಣದ ಪಾಲಿಶ್ ಹಚ್ಚುವವರು ಕಾಲಿಡುವ ಜಾಗಕ್ಕೆ ಮಾತ್ರ ಹಚ್ಚುವುದಿಲ್ಲ. ಹೊಳೆದರೆ ಜಾರುತ್ತದೆ.

ಮಾರತ್ತಹಳ್ಳಿಗೆ ದೋಣಿ ದಿನವೂ ಬರುವುದಿಲ್ಲ, ದೇವರ ದಯೆ. ಆದರೆ ದೋಣಿಯ ನೆಲ ಇಲ್ಲಿ ಮನೆಮನೆಯಲ್ಲೂ ಇದೆ. ಬ್ರಿಡ್ಜಿನಿಂದ ಮುನ್ನೇಕೊಳಾಲದವರೆಗೆ ಸಂದಿಗೊಂದು ಪಿ.ಜಿ., ಅದರ ಪ್ರತಿ ಕೋಣೆಗೊಂದು ಬಾತ್‌ರೂಮು, ಪ್ರತಿ ಬಾತ್‌ರೂಮಿಗೂ ಮೋರ್ಬಿಯಿಂದ ಬಂದ ಒಂದಡಿ ಚೌಕದ ಆ್ಯಂಟಿ-ಸ್ಕಿಡ್ ಟೈಲ್ಸು. ಹೊಸದಾಗಿ ಹಾಕಿದಾಗ ಕೆನೆಬಣ್ಣ. ಒಂದೆರಡು ವರ್ಷದಲ್ಲಿ ಷವರಿನ ಕೆಳಗೆ ಬಿಳಿ ಪೊರೆ, ಬಕೆಟ್ ಇಡುವ ಜಾಗದಲ್ಲಿ ಕಂದು ಬಳೆ, ಮೂಲೆಯಲ್ಲಿ ಹೆಸರು ಹೇಳಲಾಗದ ಒಂದು ಬಣ್ಣ. ಬಾಡಿಗೆದಾರ ಖಾಲಿ ಮಾಡುವ ದಿನ ಮಾಲೀಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ಇಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗುವುದಿಲ್ಲ.

ಇದು ಕೊಳೆಯೆಂದು ತಿಳಿದು ತಿಕ್ಕುವುದರಲ್ಲೇ ಎಡವಟ್ಟು. ಆ ಬಿಳಿ ಪೊರೆಯ ಬಹುಪಾಲು ಕಲ್ಲು. ಬೋರ್ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ನೀರು ಆರಿದಾಗ ಸುಣ್ಣದ ಪದರವಾಗಿ ನೆಲಕ್ಕಂಟುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ. 500ರ ಗಡಸುತನದ ನೀರನ್ನು ಇಪ್ಪತ್ತು ಲೀಟರಿನ ಬಕೆಟ್ಟಿಗೆ ತುಂಬಿದರೆ, ಸುಣ್ಣಕಲ್ಲಿನ ಲೆಕ್ಕದಲ್ಲಿ 10 ಗ್ರಾಂ ಲವಣ ಅದರೊಳಗಿರುತ್ತದೆ. ನುಣ್ಣನೆಯ ಟೈಲ್ಸಿನ ಮೇಲೆ ಬಿದ್ದ ನೀರು ಬಹುಪಾಲು ಮೋರಿಗೆ ಹರಿದುಹೋಗುತ್ತದೆ. ಉಬ್ಬುತಗ್ಗಿನ ಟೈಲ್ಸು ಹನಿಹನಿಯನ್ನೂ ಹಿಡಿದಿಟ್ಟುಕೊಂಡು ಅಲ್ಲೇ ಆರಿಸುತ್ತದೆ. ಸ್ನಾನದ ಸೋಪು ಬಂದು ಅದೇ ಕ್ಯಾಲ್ಸಿಯಂ ಜೊತೆ ಕೂಡಿ ನೀರಿಗೆ ಕರಗದ ಜಿಡ್ಡಾಗುತ್ತದೆ. ಒಂದು ಪದರ ಕಲ್ಲು, ಒಂದು ಪದರ ಜಿಡ್ಡು, ಮತ್ತೆ ಕಲ್ಲು. ನೀರಿನಲ್ಲಿ ಕಬ್ಬಿಣದಂಶವಿದ್ದರೆ ಕಂದು ಬಣ್ಣ ಉಚಿತ.

2024ರ ಬೇಸಿಗೆ ಇದಕ್ಕೆ ಇನ್ನೊಂದು ಪದರ ಸೇರಿಸಿತು. ಬೋರುಗಳು ಬತ್ತಿ, ಟ್ಯಾಂಕರಿಗೆ ಕಾದು ಕುಳಿತ ಆ ಮಾರ್ಚಿನಲ್ಲಿ ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದರು. ಜನ ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಬಾತ್‌ರೂಮ್ ತೊಳೆಯತೊಡಗಿದರು. ಒಳ್ಳೆಯ ಬುದ್ಧಿಯೇ. ಆದರೆ ಆರ್‌ಒ ಮಾಡುವುದು ಶುದ್ಧ ನೀರನ್ನು ಒಂದು ಕಡೆಗೂ ಉಳಿದ ಲವಣವನ್ನೆಲ್ಲ ಇನ್ನೊಂದು ಕಡೆಗೂ ಕಳಿಸುವ ಕೆಲಸ. ಹೊರಬಂದ ನೀರು ಬೋರ್ ನೀರಿಗಿಂತ ಗಡಸು. ಅದರಲ್ಲಿ ತೊಳೆದಷ್ಟೂ ನೆಲ ಬಿಳಿಚಿಕೊಂಡಿತು. ಆ ನೀರನ್ನು ಕಮೋಡಿಗೆ ಸುರಿದು, ನೆಲಕ್ಕೆ ಕೊನೆಯ ಒಂದು ಚೊಂಬಾದರೂ ಸಿಹಿನೀರು ಹಾಕಿದ್ದರೆ ಎಷ್ಟೋ ವಾಸಿ. ಆ ವರ್ಷ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು: ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್. ಆದರೂ ಕಾವೇರಿ ಬಂದ ಕಟ್ಟಡಗಳ ಸಂಪಿನೊಳಗೆ ಬೋರ್, ಟ್ಯಾಂಕರ್, ಕಾವೇರಿ ಮೂರೂ ಬೆರೆಯುವುದು ಮಾಮೂಲು. ಕಲೆಗೆ ಬಿಡುವಿಲ್ಲ.

ಹಾಗಾದರೆ ನುಣ್ಣನೆಯ ಟೈಲ್ಸನ್ನೇ ಹಾಕಿಸಬಾರದೇ? ಬಾರದು. ಒದ್ದೆ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡ ಹಿರಿಯರೊಬ್ಬರು ಇಲ್ಲದ ಬಂಧುಬಳಗ ಅಪರೂಪ. ಜಾರುವಿಕೆಯನ್ನು ಅಳೆಯಲು ಜರ್ಮನರು ಕಂಡುಕೊಂಡ ಪರೀಕ್ಷೆ ನೋಡುವವರಿಗೆ ತಮಾಷೆಯಾಗಿದೆ. ಟೈಲ್ಸು ಕೂರಿಸಿದ ಹಲಗೆಗೆ ಎಣ್ಣೆ ಸುರಿದು, ಬೀಳದಂತೆ ಪಟ್ಟಿ ಬಿಗಿದುಕೊಂಡ ಮನುಷ್ಯನೊಬ್ಬನನ್ನು ಅದರ ಮೇಲೆ ಹಿಂದೆ ಮುಂದೆ ನಡೆಸುತ್ತಾರೆ. ಹಲಗೆ ನಿಧಾನವಾಗಿ ಓರೆಯಾಗುತ್ತ ಹೋಗುತ್ತದೆ. ಅವನ ಕಾಲು ತಪ್ಪುವ ಕೋನವೇ ಟೈಲ್ಸಿನ ಅಂಕ. 6ರಿಂದ 10 ಡಿಗ್ರಿಯೊಳಗೆ ಜಾರಿದರೆ ಆರ್9, 10ರಿಂದ 19ರೊಳಗಾದರೆ ಆರ್10, 35 ದಾಟಿದರೆ ಆರ್13. ಬರಿಗಾಲಿನವರಿಗೆ ಸೋಪುನೀರಿನ ಪರೀಕ್ಷೆ ಬೇರೆ ಇದೆ, ಅದರಲ್ಲಿ ಎ, ಬಿ, ಸಿ ಎಂಬ ದರ್ಜೆಗಳು. ನಮ್ಮ ಟೈಲ್ಸ್ ಅಂಗಡಿಯಲ್ಲಿ ಗಿರಾಕಿ ಮಾಡುವ ಪರೀಕ್ಷೆ ಒಂದೇ, ಹೆಬ್ಬೆರಳಿನಿಂದ ಉಜ್ಜಿ ನೋಡುವುದು. ಅಂಗಡಿಯವನೂ 'ಫುಲ್ ಆ್ಯಂಟಿ-ಸ್ಕಿಡ್ ಸಾರ್' ಎಂದು ಮುಗಿಸುತ್ತಾನೆ. ಅಂಕ ಹೆಚ್ಚಿದಷ್ಟೂ ತಿಕ್ಕುವವರ ಕೆಲಸ ಹೆಚ್ಚು ಎಂಬುದು ಬಿಲ್ಲಿನಲ್ಲಿ ಬರುವುದಿಲ್ಲ.

ತಿಕ್ಕುವವರು ಯಾರು? ಈ ಭಾಗದ ಮನೆಗಳಲ್ಲಿ, ಪಿ.ಜಿ.ಗಳಲ್ಲಿ ಬೆಳಗಿನಿಂದ ಸಂಜೆತನಕ ಕೆಲಸ ಮಾಡುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರಿನ ಹೆಂಗಸರು ಬಹಳ. ವಾಡಿ, ಶಹಾಬಾದ್ ಕಡೆಯಿಂದ ಬಂದವರಿಗೆ ನೆಲದ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಮೊಸಾಯಿಕ್ಕೂ ವಿಟ್ರಿಫೈಡ್ಡೂ ಬರುವ ಮುಂಚೆ ಅರ್ಧ ಕರ್ನಾಟಕದ ಅಂಗಳ, ಅಡುಗೆಮನೆ, ರೈಲ್ವೆ ಪ್ಲಾಟ್‌ಫಾರಂಗಳಿಗೆ ಹಾಸಿದ್ದು ಅವರೂರಿನ ಕಲ್ಲನ್ನೇ. ಅದು ಸುಣ್ಣಕಲ್ಲು, ಅದೇ ನೆಲದ ಸುಣ್ಣಕಲ್ಲಿನಿಂದ ವಾಡಿಯ ಸಿಮೆಂಟ್ ಕಾರ್ಖಾನೆ ನಡೆಯುತ್ತದೆ. 'ನಮ್ಮ ಕಡಿ ಫರ್ಸಿ ಮ್ಯಾಲ ಆಸಿಡ್ ಬಿದ್ರ ಕಲ್ಲೇ ಬುರುಗು ಕಾರತದರಿ' ಎಂದು ಅಲ್ಲಿಯವರೊಬ್ಬರು ಹೇಳಿದರೆ ಅದು ರಸಾಯನಶಾಸ್ತ್ರದ ಪಾಠವೇ. ಆಸಿಡ್ ಸುಣ್ಣವನ್ನು ತಿನ್ನುವಾಗ ಏಳುವ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳೇ ಆ ಬುರುಗು. ಟೈಲ್ಸಿನ ಕಲೆಯನ್ನು ಕರಗಿಸುವುದೂ ಇದೇ ಕ್ರಿಯೆ, ಟೈಲ್ಸುಗಳ ಸಂದಿಗೆ ತುಂಬಿದ ಸಿಮೆಂಟನ್ನು ಕರಗಿಸುವುದೂ ಇದೇ.

ಬಾಟಲಿಯ ಬಾತ್‌ರೂಮ್ ಆಸಿಡ್, ಅಂದರೆ ಹೈಡ್ರೊಕ್ಲೋರಿಕ್ ಆಮ್ಲ, ಎರಡು ನಿಮಿಷದಲ್ಲಿ ಫಳಫಳ ಮಾಡುತ್ತದೆ. ಜೊತೆಗೆ ಸಂದಿಯ ಸಿಮೆಂಟನ್ನು ಟೊಳ್ಳು ಮಾಡುತ್ತದೆ, ನಲ್ಲಿಯ ಕ್ರೋಮಿಯಂ ಕಪ್ಪಾಗಿಸುತ್ತದೆ. ಟೊಳ್ಳಾದ ಸಂದಿಯಿಂದ ಇಳಿದ ನೀರು ಕೆಳಮನೆಯ ಛಾವಣಿಯಲ್ಲಿ ಕಾಣಿಸಿಕೊಂಡಾಗ ಅಸೋಸಿಯೇಷನ್ ಮೀಟಿಂಗಿನಲ್ಲಿ ಪ್ಲಂಬರನನ್ನು ಬೈಯುತ್ತಾರೆ. ಕಲೆ ಮತ್ತೆ ಬಂದಾಗ ತಂತಿಯ ಬ್ರಷ್ಷು ಹಿಡಿದು ಕೆರೆದರೆ ಉಬ್ಬುಗಳೂ ಸವೆಯುತ್ತವೆ. ಜಾರಬಾರದೆಂದು ದುಡ್ಡು ಕೊಟ್ಟು ತಂದದ್ದನ್ನು ಸ್ವಚ್ಛತೆಯ ಹೆಸರಿನಲ್ಲಿ ತಾವೇ ಜಾರುವಂತೆ ಮಾಡಿಕೊಂಡದ್ದಾಯಿತು. 2013ರಲ್ಲಿ ಸುಪ್ರೀಂ ಕೋರ್ಟು ಲಕ್ಷ್ಮಿ ಪ್ರಕರಣದಲ್ಲಿ ಆಸಿಡ್ ಮಾರುವವರು ಕೊಳ್ಳುವವರ ಗುರುತು, ಕಾರಣ ಬರೆದುಕೊಳ್ಳಬೇಕೆಂದು ಹೇಳಿದ್ದು ಆಸಿಡ್ ದಾಳಿಯೆಂಬ ಬೇರೆ ಘೋರಕ್ಕಾಗಿ. ನೆಲದ ದೃಷ್ಟಿಯಿಂದಲೂ ಅದನ್ನು ಸುಲಭಕ್ಕೆ ಕೊಳ್ಳಬಾರದು ಎನ್ನಲು ಕಾರಣಗಳಿವೆ.

ನಿಜವಾಗಿ ಕೆಲಸ ಮಾಡುವುದು ಹೊತ್ತು. ತಾಮ್ರದ ಹಂಡೆಗೆ ಹುಣಸೆಹಣ್ಣು ಬಳಿದು ಸ್ವಲ್ಪ ಬಿಟ್ಟು ತೊಳೆಯುವ ಹಾಗೆ ಈ ನೆಲವನ್ನೂ ನೆನೆಸಬೇಕು. ಮೊದಲು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಮೇಲಿನ ಜಿಡ್ಡು ತೆಗೆಯಬೇಕು, ಇಲ್ಲದಿದ್ದರೆ ಹುಳಿ ಕಲ್ಲಿನ ಪದರಕ್ಕೆ ತಲುಪುವುದೇ ಇಲ್ಲ. ಚೆನ್ನಾಗಿ ತೊಳೆದು, ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಮೂರು ಚಮಚದಂತೆ ಕರಗಿಸಿ ಸುರಿಯಬೇಕು. ಸುರಿದದ್ದು ಮೋರಿಗೆ ಓಡದಂತೆ ಮೇಲೊಂದು ಹಳೆಯ ಟವೆಲ್ಲು ಹಾಸಬೇಕು. ಅರ್ಧ ಗಂಟೆ ಬಿಟ್ಟರೆ ಟವೆಲ್ಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತವೆ. ಆಮೇಲೆ ನೈಲಾನ್ ಬ್ರಷ್ಷಿನಿಂದ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ. ಒಂದೇ ದಿಕ್ಕಿಗೆ ತಿಕ್ಕಿದರೆ ಉಬ್ಬಿನ ಒಂದು ಮಗ್ಗುಲಷ್ಟೇ ಬೆಳಗುತ್ತದೆ. ಹಳೆಯ ಕಲೆಯಾದರೆ ಇನ್ನೊಂದು ದಿನ ಮತ್ತೆ. 'ಅಕ್ಕಾರ, ಇದು ತಿಕ್ಕಿದ್ರ ಹೋಗಂಗಿಲ್ರಿ, ನೆನೀಬೇಕ್ರಿ' ಎನ್ನುವ ಮಾತಿಗೆ ಮೇಲ್ವಿಚಾರಕರ ಹತ್ತಿರ ಕಿವಿಯಿಲ್ಲ, ಅವರ ಲೆಕ್ಕ ಬಾತ್‌ರೂಮಿಗೆ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಮುಗಿಸಬಲ್ಲದ್ದು ಆಸಿಡ್ ಒಂದೇ.

ಶಹಾಬಾದ್ ಕಲ್ಲಿಗೂ ಅಮೃತಶಿಲೆಗೂ ನಿಂಬೆ ಉಪ್ಪನ್ನೂ ಹಾಕಬಾರದು. ಪಾರ್ಕಿಂಗಿನ ಎಂಜಿನ್ ಆಯಿಲಿಗೆ ಹುಳಿಯಿಂದ ಏನೂ ಆಗದು. ಮೊದಲು ಮರದ ಹೊಟ್ಟು ಚೆಲ್ಲಿ ಹೀರಿಸಿ, ಆಮೇಲೆ ಸೋಪುಪುಡಿ. ಕಂದು ಕಬ್ಬಿಣದ ಕಲೆಗೆ ಬ್ಲೀಚಿಂಗ್ ಹಾಕಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ದೋಣಿಯವರು ಅದಕ್ಕೆ ಆಕ್ಸಾಲಿಕ್ ಆಮ್ಲ ಬಳಸುತ್ತಾರೆ, ಆದರೆ ಅದು ವಿಷ, ಮಕ್ಕಳಿರುವ ಮನೆಗೆ ಬೇಡ.

ತೊಳೆದ ನೊರೆ ಎಲ್ಲಿಗೆ ಹೋಗುತ್ತದೆಂಬುದನ್ನು ಈ ಊರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಸುತ್ತಿನ ಕೊಳಚೆ ಸೇರುತ್ತ ಬಂದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು. 2015ರಲ್ಲಿ ಯಮಲೂರಿನ ಹತ್ತಿರ ನೊರೆ ರಸ್ತೆಗೇ ಹಾರಿತು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಹತ್ತಿದ ಬೆಂಕಿ ಆರಿಸಲು ಸೈನಿಕರೂ ಇಳಿಯಬೇಕಾಯಿತು. ನೊರೆಯ ಮೂಲದಲ್ಲಿದ್ದದ್ದು ಶುದ್ಧಿಯಾಗದೆ ಹರಿದ ಕೊಳಚೆ ಮತ್ತು ಅದರಲ್ಲಿನ ಡಿಟರ್ಜೆಂಟು. ಬಚ್ಚಲಿಗೆ ಒಂದು ಮುಷ್ಟಿ ಸೋಪುಪುಡಿ ಸಾಕಾಗುವಲ್ಲಿ ಅರ್ಧ ಪಾಕೀಟು ಸುರಿಯುವವರು ಇದನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೆಯದು.

ಮನೆ, ಪಿ.ಜಿ. ನಡೆಸುವವರಲ್ಲಿ ಕೇಳಿಕೊಳ್ಳುವುದಿಷ್ಟೇ. ಬ್ಲೀಚಿಂಗ್ ಪೌಡರ್ ಚೆಲ್ಲಿದ ನೆಲಕ್ಕೆ ಆಸಿಡ್ ಸುರಿಯಲು ಯಾರಿಗೂ ಹೇಳಬೇಡಿ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಕೂತು ತಿಕ್ಕುವವರ ಶ್ವಾಸಕೋಶಕ್ಕೇ ಅದು ನೇರ ಹೋಗುತ್ತದೆ. ಒಂದು ಜೊತೆ ರಬ್ಬರ್ ಗ್ಲೌಸು ಕೊಡಿ, ಎಕ್ಸಾಸ್ಟ್ ಫ್ಯಾನು ಹಾಕಿಡಿ, ಹತ್ತು ನಿಮಿಷದ ಜಾಗದಲ್ಲಿ ನಲವತ್ತು ನಿಮಿಷದ ಕೂಲಿ ಕೊಡಿ.