ಟೇಪ್ ಸಿಕ್ಕಿದ್ದು ಗಾಡಿಯಲ್ಲಿ

ನನ್ನ ಹೊಲಿಗೆಯ ಟೇಪ್ ಕಾಣೆಯಾದಾಗ ಮೊದಲು ಬೈಗುಳ ತಿಂದವಳು ಮಗಳು. ಜುಬೈಲ್‌ನ ಆ ಎರಡು ಕೋಣೆಯ ಮನೆಯಲ್ಲಿ ನೆರೆಹೊರೆಯ ಹೆಂಗಸರಿಗೆ ಚೂಡಿದಾರ್ ಹೊಲಿದುಕೊಡುತ್ತಿದ್ದೆ. ಟೇಪ್ ಇಲ್ಲದೆ ಎರಡು ದಿನ ಕತ್ತರಿ ಮುಟ್ಟಲಾಗಲಿಲ್ಲ. ಮಗನ ಮೇಲೆ ನನಗೆ ಸಂಶಯವೇ ಬರಲಿಲ್ಲ. ಹದಿನೆಂಟರ ಹುಡುಗನಿಗೆ ಹೊಲಿಗೆಯ ಟೇಪ್ ಯಾಕೆ ಬೇಕು?

ಅದು 2015ರ ಅಕ್ಟೋಬರ್ ತಿಂಗಳು. ಅತ್ತೆಗೆ ಹುಷಾರಿಲ್ಲವೆಂದು ನಮ್ಮವರು ಹತ್ತು ದಿನದ ರಜೆಯಲ್ಲಿ ಊರಿಗೆ ಹೋಗಿದ್ದರು. ಅವರು ದಿನಸಿ ಸಾಗಿಸುತ್ತಿದ್ದ ಗಾಡಿ ಮನೆಯ ಮುಂದೆಯೇ ನಿಂತಿತ್ತು. 1996ರ ಟೊಯೋಟಾ ಹೈಲಕ್ಸ್, ಅಲ್ಲಿಯವರ ಬಾಯಲ್ಲಿ 'ವನೈತ್'. ಗಾಡಿ ನಮ್ಮದಲ್ಲ, ಅಂಗಡಿಯ ಮಾಲಕರದ್ದು. ಒಂದು ಸಂಜೆ ಬಟ್ಟೆ ಒಣಗಿಸಲು ಹೊರಬಂದವಳು ನೋಡುತ್ತೇನೆ, ಗಾಡಿಯ ಹಿಂಭಾಗ ತಗ್ಗಾಗಿದೆ! ಖಾಲಿ ಇದ್ದಾಗ ಸದಾ ಹಿಂದೆ ಎತ್ತಿಕೊಂಡು ನಿಲ್ಲುತ್ತಿದ್ದ ಗಾಡಿ ಈಗ ನೆಲಕ್ಕೆ ಸಮನಾಗಿ ಕೂತಿತ್ತು.

ನನ್ನ ಎದೆ ಧಸಕ್ಕೆಂದಿತು. ಅಲ್ಲಿನ ಕೆಲವು ಪುಂಡ ಹುಡುಗರು ರಾತ್ರಿ ಹೊತ್ತು ರಸ್ತೆಯಲ್ಲಿ ಗಾಡಿಗಳನ್ನು ಅಡ್ಡಡ್ಡ ಜಾರಿಸುವ ಹುಚ್ಚಾಟಕ್ಕೆ 'ತಫ್‌ಹೀತ್' ಎನ್ನುತ್ತಾರೆ. ಅದರಲ್ಲಿ ಪ್ರಾಣ ಕಳೆದುಕೊಂಡವರ ಸುದ್ದಿ ಕೇಳದ ತಾಯಂದಿರು ಆ ನಾಡಿನಲ್ಲಿ ಇರಲಾರರು. ಗಾಡಿ ತಗ್ಗಿಸುವುದು, ಸೈಲೆನ್ಸರ್ ಬದಲಿಸುವುದು, ಇವೆಲ್ಲ ಅದರ ಮೊದಲ ಮೆಟ್ಟಿಲು ಎಂದೇ ನಾನು ತಿಳಿದಿದ್ದೆ. ಅಳತೆ ಕೊಡಲು ಬಂದಿದ್ದ ಇಬ್ಬರು ಹೆಂಗಸರ ಎದುರೇ ಮಗನನ್ನು ಕರೆದು ಬೈದೆ. "ಉಪ್ಪ ಬೆವರು ಸುರಿಸಿ ದುಡಿಯುವ ಗಾಡಿಯಲ್ಲಿ ನಿನಗೆ ಶೋಕಿಯಾ? ಪರರ ಅಮಾನತ್ತು ಅದು!" ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವನು "ಉಮ್ಮಾ..." ಎಂದು ಬಾಯಿ ತೆರೆದವನು, ಕೂತಿದ್ದವರನ್ನು ನೋಡಿ ಸುಮ್ಮನಾದ. ಆಮೇಲೆ ಮೂರು ವಾರ ನನ್ನೊಂದಿಗೆ ಬೇಕಾದಷ್ಟೇ ಮಾತು.

ಊರಿನಿಂದ ಮರಳಿದ ನಮ್ಮವರು ಗಾಡಿಯನ್ನು ಸುತ್ತಿ ನೋಡಿದರು, ಏನೂ ಹೇಳಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತಂದಿತು.

ನವೆಂಬರ್‌ನಲ್ಲಿ ಮಳೆ ಬಂತು. ಆ ಕಡೆ ಮಳೆ ಅಪರೂಪ. ತಿಂಗಳುಗಟ್ಟಲೆ ರಸ್ತೆಗೆ ಹಿಡಿದ ಎಣ್ಣೆ, ಧೂಳು ಮೊದಲ ಮಳೆಗೆ ಸೋಪಿನಂತಾಗುತ್ತದೆ. ಸರಕು ಇಳಿಸಿ ಖಾಲಿ ಗಾಡಿಯಲ್ಲಿ ಬರುತ್ತಿದ್ದಾಗ ಸಿಗ್ನಲ್ ಹತ್ತಿರ ಇವರು ಬ್ರೇಕ್ ಒತ್ತಿದ್ದಾರೆ. ಹಿಂದಿನ ಚಕ್ರಗಳು ಅಲ್ಲೇ ಕಚ್ಚಿಕೊಂಡು ಹಿಂಭಾಗ ಸರ್ರನೆ ತಿರುಗಿ, ಗಾಡಿ ಬಂದ ದಾರಿಗೆ ಮುಖ ಮಾಡಿ ನಿಂತಿದೆ. ಪಕ್ಕದಲ್ಲಿ ಮಗನೂ ಇದ್ದ. ಹಿಂದಿನಿಂದ ಬರುತ್ತಿದ್ದ ಟ್ಯಾಂಕರ್ ದೂರದಲ್ಲೇ ನಿಂತಿತು. ಅಲ್‌ಹಮ್ದುಲಿಲ್ಲಾಹ್, ಇಬ್ಬರಿಗೂ ಒಂದು ಗೀರೂ ಆಗಲಿಲ್ಲ.

ಆ ರಾತ್ರಿ ಇವರು ಮನೆಗೆ ಬಂದು ಜೇಬಿನಿಂದ ಮೊದಲು ತೆಗೆದದ್ದು ನನ್ನ ಟೇಪನ್ನು. ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿತ್ತಂತೆ. ಜೊತೆಗೆ ಮಗನ ಅಕ್ಷರದಲ್ಲಿ ಒಂದು ಚೀಟಿ: ನೆಲದಿಂದ ಹಲಗೆಗೆ 28 ಇಂಚು, ಆಗಬೇಕಾದ್ದು 25.

ಇವರ ಬೆನ್ನಿನ ಡಿಸ್ಕ್ ಸರಿದು ಆಗಲೇ ಎರಡು ವರ್ಷ. ಭಾರ ಎತ್ತಬಾರದೆಂದು ವೈದ್ಯರು ಹೇಳಿದ್ದರು. ಆದರೆ 40 ಕಿಲೋದ ಅಕ್ಕಿ ಚೀಲಗಳನ್ನು ನೆಲದಿಂದ ಗಾಡಿಗೆ ಎತ್ತುವುದೇ ಇವರ ಕೆಲಸ. ಮೂರು ಇಂಚು ಕಡಿಮೆಯಾದರೆ ಉಪ್ಪನಿಗೆ ಅಷ್ಟಾದರೂ ಸುಲಭವಾದೀತು ಎಂದು ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ 200 ರಿಯಾಲ್ ಖರ್ಚು ಮಾಡಿ ಈ ಕೆಲಸ ಮಾಡಿಸಿದ್ದ. ಇವರಿಗೆ ಹೇಳಿದ್ದನಂತೆ. ನಾನು ಬೈದದ್ದನ್ನು ಮಾತ್ರ ಹೇಳಿರಲಿಲ್ಲ.

ಮರುದಿನ 'ಸನಾಇಯ್ಯ'ಕ್ಕೆ, ಅಂದರೆ ವರ್ಕ್‌ಶಾಪ್‌ಗಳಿರುವ ಕೇರಿಗೆ ಗಾಡಿ ಹೋಯಿತು. ಪೇಶಾವರ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಮಗನನ್ನು ಗಾಡಿಯ ಅಡಿಗೆ ಮಲಗಿಸಿಯೇ ಎಲ್ಲವನ್ನೂ ತೋರಿಸಿದರಂತೆ. ಆ ಬಗೆಯ ಎರಡು ಚಕ್ರ ಚಾಲನೆಯ ಹೈಲಕ್ಸ್‌ನಲ್ಲಿ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಆಕ್ಸಲ್‌ನ ಕೆಳಗೆ ಇರುತ್ತವೆ. ಎರಡರ ನಡುವೆ ಮೂರಿಂಚಿನ ಕಬ್ಬಿಣದ ತುಂಡಿಟ್ಟು ಉದ್ದನೆಯ ಯು-ಬೋಲ್ಟ್ ಬಿಗಿದರೆ ಗಾಡಿ ಅಷ್ಟೇ ಕೆಳಗಿಳಿಯುತ್ತದೆ. ಹುಡುಗರು ಮಾಡಿದ್ದು ಇದನ್ನೇ, ಬಿಗಿತವೂ ಸರಿಯಾಗಿತ್ತು. ಆದರೆ ಚೌಕಟ್ಟಿಗೂ ಆಕ್ಸಲ್‌ಗೂ ನಡುವಿನ ಜಾಗ ಕಡಿಮೆಯಾಗಿ, ಭಾರ ಹೇರಿದಾಗ ಹಳ್ಳದಲ್ಲಿ ಆಕ್ಸಲ್ ಮೇಲಿನ ರಬ್ಬರಿಗೆ ಬಡಿಯುತ್ತಿತ್ತು. ಸರಕಿನ ಗಾಡಿ ಖಾಲಿ ಇದ್ದಾಗ ಹಿಂದೆ ಎತ್ತರವಾಗಿರುವುದು ಯಾಕೆಂದು ನನಗೂ ಆಗಲೇ ಗೊತ್ತಾದದ್ದು. ಆ ಎತ್ತರ ಭಾರಕ್ಕಾಗಿ ಕಾದಿಟ್ಟ ಜಾಗ.

ಅಪಾಯ ಇದ್ದದ್ದು ಅಲ್ಲಿಯೂ ಅಲ್ಲ. ಚೌಕಟ್ಟಿನಲ್ಲಿ ಬ್ರೇಕ್ ಎಣ್ಣೆಯ ಒಂದು ವಾಲ್ವ್ ಇದೆ. ಅದನ್ನು ಆಕ್ಸಲ್‌ಗೆ ಒಂದು ಸಣ್ಣ ಸರಳಿನಿಂದ ಜೋಡಿಸಿರುತ್ತಾರೆ. ಭಾರ ಬಿದ್ದು ಹಿಂಭಾಗ ತಗ್ಗಿದಾಗ ಸರಳು ಮೇಲಕ್ಕೆ ಸರಿದು ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಬಿಡುತ್ತದೆ, ಖಾಲಿ ಇದ್ದಾಗ ಕಡಿಮೆ ಮಾಡುತ್ತದೆ. ಮೂರಿಂಚಿನ ತುಂಡು ಇಟ್ಟ ಮೇಲೆ ಖಾಲಿ ಗಾಡಿಯೂ ಆ ವಾಲ್ವ್‌ಗೆ ತುಂಬಿದ ಗಾಡಿಯಂತೆಯೇ. ಹಗುರವಾದ ಹಿಂಭಾಗಕ್ಕೆ ಭಾರದ ಬ್ರೇಕ್ ಬಿದ್ದರೆ ಒದ್ದೆ ರಸ್ತೆಯಲ್ಲಿ ಇನ್ನೇನಾದೀತು? ತಗ್ಗಿಸುವವರು ಆ ಸರಳನ್ನೂ ಹೊಸ ಎತ್ತರಕ್ಕೆ ಹೊಂದಿಸಬೇಕಿತ್ತು. ಹುಡುಗರಿಗೆ ಅದು ಅಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಮಾಲಕರಿಗೆ ಇವರೇ ಹೋಗಿ ಹೇಳಿದರು. ಮೂರು ವಾರ ಹೇಳದೆ ಓಡಿಸಿದ್ದು ತನ್ನ ತಪ್ಪು ಎಂದೂ ಒಪ್ಪಿಕೊಂಡರು. ಮಗನ ಮುಖ ಬಾಡಬಾರದೆಂದು ಸುಮ್ಮನಿದ್ದೆ ಎಂದು ಅಲ್ಲಿ ಹೇಳಲಾದೀತೇ? ಮಾಲಕರು ತುಸು ಹೊತ್ತು ಸಿಟ್ಟಾಗಿದ್ದು, ಮೊದಲಿದ್ದಂತೆಯೇ ಮಾಡಿಸಿ, ಖರ್ಚು ನಿಮ್ಮದು ಎಂದರು. ನ್ಯಾಯವೇ. ಹಳೆಯ ಗಾಡಿಗಳಿಗೆ ಪ್ರತಿವರ್ಷ 'ಫಹಸ್' ತಪಾಸಣೆಯೂ ಇರುತ್ತದೆ. ಮಿಸ್ತ್ರಿ ತುಂಡುಗಳನ್ನು ತೆಗೆದು ಹೊಸ ಯು-ಬೋಲ್ಟ್ ಹಾಕಿದರು. ಒಮ್ಮೆ ಬಿಗಿದು ಬಿಚ್ಚಿದ್ದನ್ನು ಮತ್ತೆ ಹಾಕಬಾರದಂತೆ. ಕೆಲವು ದಿನ ಓಡಿಸಿ ತಂದರೆ ಮತ್ತೊಮ್ಮೆ ಬಿಗಿದುಕೊಡುತ್ತೇನೆ ಎಂದಿದ್ದರು, ಹಾಗೆಯೇ ಮಾಡಿದರು.

ನಾನು ಕೇಳಿದೆ, "ತಗ್ಗಿಸಿದ್ದರಿಂದ ನಿಮ್ಮ ಬೆನ್ನಿಗೆ ಆರಾಮವಾಗಿತ್ತಾ?" ಇವರು ನಕ್ಕರು. ಏರಿಸುವಾಗ ಸುಲಭ, ಇಳಿಸುವಾಗ ಕಷ್ಟ ಎಂದರು. ಚೀಲವನ್ನು ಬೆನ್ನಿಗೆ ತೆಗೆದುಕೊಳ್ಳುವವನಿಗೆ ಹಲಗೆ ಎತ್ತರವಿದ್ದಷ್ಟೂ ಒಳ್ಳೆಯದು, ತಗ್ಗಿದ್ದರೆ ಇನ್ನೂ ಬಗ್ಗಬೇಕು. ಇದನ್ನು ಮಗನಿಗೆ ಕೊನೆಯವರೆಗೂ ಹೇಳಲಿಲ್ಲ. ಈಗ ಇದನ್ನು ಓದಿಯೇ ತಿಳಿಯಬೇಕು. ಅಂದಿನಿಂದ ಮಗ ಕಾಲೇಜಿಗೆಂದು ಊರಿಗೆ ಹೊರಡುವವರೆಗೂ ಸಂಜೆ ಉಪ್ಪನ ಜೊತೆ ಹೋಗಿ ಚೀಲಗಳನ್ನು ತಾನೇ ಎತ್ತುತ್ತಿದ್ದ.

ಅವನಲ್ಲಿ ನಾನು ಕ್ಷಮೆ ಕೇಳಿದ್ದು ಅಡುಗೆಮನೆಯಲ್ಲಿ, ಯಾರೂ ಇಲ್ಲದಾಗ. "ಬಿಡಿ ಉಮ್ಮಾ" ಎಂದ. ಆದರೆ ಬೈದದ್ದು ನಾಲ್ಕು ಜನರ ಎದುರಲ್ಲವೇ? ಆ ಲೆಕ್ಕ ಉಳಿದೇ ಇತ್ತು. ಚೂಡಿದಾರ್ ಕೊಡಲು ಹೋದಾಗ ಆ ಇಬ್ಬರ ಬಳಿಯೂ ನಡೆದದ್ದನ್ನೆಲ್ಲ ಹೇಳಿದೆ. ಒಬ್ಬರು ಮಾಶಾ ಅಲ್ಲಾಹ್ ಎಂದು ಕಣ್ಣೊರೆಸಿಕೊಂಡರು. ಇನ್ನೊಬ್ಬರು ಬಟ್ಟೆಯ ಗಂಟನ್ನು ಬಿಚ್ಚದೆ ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಮೆಲ್ಲನೆ ಕೇಳಿದರು, "ಆ ಮಿಸ್ತ್ರಿಯ ಅಂಗಡಿ ಯಾವ ಕಡೆ ಬರುತ್ತದೆ ಹೇಳಿ. ನಮ್ಮ ಹುಡುಗನ ಕಾರೂ ಹೋದ ತಿಂಗಳಿನಿಂದ ತಗ್ಗಾಗಿದೆ."