ಹರಳಿನೊಳಗಿನ ಮನ್ಮಥ

ಹೋದ ತಿಂಗಳು ದಾವಣಗೆರೆಯಿಂದ ನಮ್ಮ ತಂಗಿಯ ಫೋನು ಬಂತು. ಯೋಗಕ್ಷೇಮವೆಲ್ಲ ಮುಗಿದ ಮೇಲೆ ಸ್ವಲ್ಪ ತಡೆದು, "ಅಣ್ಣಾ, ಮದರಾಸಿನಲ್ಲಿ ಅಸಲಿ ಹರಳು ಸಿಗುತ್ತಂತಲ್ಲ, ಗಂಡ ಹೆಂಡಿರ ಮನಸ್ಸು ಕೂಡಿಸುವಂಥದ್ದು. ಒಂದು ಉಂಗುರ ಮಾಡಿಸಿ ಕಳಿಸ್ತೀಯಾ?" ಎಂದಳು.

ನಾವು ಓದಿದ್ದು ಬಿ.ಎಸ್ಸಿ. ಆ ಗತ್ತು ಇನ್ನೂ ಇಳಿದಿಲ್ಲ. "ಅಯಸ್ಕಾಂತ ಎಳೆಯೋದು ಕಬ್ಬಿಣಾನಮ್ಮ, ಗಂಡನನ್ನಲ್ಲ" ಎಂದು ನಕ್ಕೆವು. ಆಕೆ ನಗಲಿಲ್ಲ. ಫೋನು ಇಟ್ಟುಬಿಟ್ಟಳು.

"ಹರಳಿನ ವಿಷಯ ಮಾತಾಡಿದಿರಿ, ಅವಳ ವಿಷಯ ಕೇಳಲೇ ಇಲ್ಲ" ಎಂದಳು ನಮ್ಮಾಕೆ. ತಪ್ಪೆಂದು ತಿಳಿದರೂ ಒಪ್ಪಿಕೊಳ್ಳುವುದು ಕಷ್ಟ. ನಮ್ಮ ವಾದಕ್ಕೆ ಆಧಾರ ಹುಡುಕುತ್ತ ಪುಸ್ತಕ ಹಿಡಿದು ಕೂತೆವು.

ನಮ್ಮ ಪೆರುಂಗುಡಿಯಿಂದ ಕಡಲ ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಪುದುಚೇರಿ. ಅದರ ಮಗ್ಗುಲಲ್ಲೇ ಅರಿಕಮೇಡು. ರೋಮಿನೊಡನೆ ವ್ಯಾಪಾರವಿದ್ದ ಹಳೆಯ ರೇವು. ಅಲ್ಲಿ 1945ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಅವರೇ 1947ರಲ್ಲಿ ನಮ್ಮ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲೂ ಅಗೆಸಿದವರು. ಅರಿಕಮೇಡಿನಲ್ಲಿ ಸಿಕ್ಕ ಒಂದು ಸ್ಫಟಿಕದ ಹರಳಿನ ಮೇಲೆ ಕ್ಯೂಪಿಡ್ ಮತ್ತು ಒಂದು ಹಕ್ಕಿಯ ಕೆತ್ತನೆಯಿದೆ. ಕ್ಯೂಪಿಡ್ ಎಂದರೆ ರೋಮನರ ಮನ್ಮಥ. ಗ್ರೀಕರು ಅವನನ್ನು ಎರೋಸ್ ಎಂದರು.

ಈ ಹರಳು ಮಾಟದ್ದೆಂದು ನಾವು ಹೇಳುವುದಿಲ್ಲ. ಆದರೆ ರೋಮನ್ ಸಾಮ್ರಾಜ್ಯದಲ್ಲಿ ಇದೇ ದೇವರನ್ನು ವಶೀಕರಣಕ್ಕೂ ಕಲ್ಲಿನಲ್ಲಿ ಕೆತ್ತುತ್ತಿದ್ದರು. ಮುದ್ರೆಯ ಹರಳಿನಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ, ಮೇಣದ ಮೇಲೆ ಒತ್ತಿದಾಗ ನೇರವಾಗುತ್ತದೆ. ಮಾಟದ ಹರಳಿನಲ್ಲಿ ಸಾಮಾನ್ಯವಾಗಿ ಅಕ್ಷರ ಮೊದಲೇ ನೇರ. ಅದು ಒತ್ತುವುದಕ್ಕಲ್ಲ, ಮೈಮೇಲೆ ಇಟ್ಟುಕೊಳ್ಳುವುದಕ್ಕೆ.

ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಈಜಿಪ್ಟಿನಿಂದ ಬಂದ, ನಾಲ್ಕನೆಯ ಶತಮಾನದ ಮಂತ್ರದ ಹೊತ್ತಗೆಯೊಂದಿದೆ. ಅದರಲ್ಲಿ 'ದಾರ್ದಾನಸನ ಖಡ್ಗ' ಎಂಬ ಪ್ರಯೋಗವಿದೆ. ಬೇಕಾದ ಕಲ್ಲು ಯಾವುದು ಗೊತ್ತೆ? ನಾವು ಹಾಸ್ಯ ಮಾಡಿದ ಆ ಅಯಸ್ಕಾಂತವೇ! ಅದರ ಒಂದು ಮುಖದಲ್ಲಿ, ಸೈಕಿ ಎಂಬ ಹೆಣ್ಣಿನ ಮೇಲೆ ಪ್ರೇಮದೇವತೆ ಕುದುರೆ ಏರಿದಂತೆ ಕೂತು ಜುಟ್ಟು ಹಿಡಿದಿರಬೇಕು. ಕೆಳಗಿನಿಂದ ಎರೋಸ್ ಪಂಜು ಹಿಡಿದು ಅವಳನ್ನು ಸುಡುತ್ತಿರಬೇಕು. ಸೈಕಿ ಎಂದರೆ ಗ್ರೀಕಿನಲ್ಲಿ ಆತ್ಮ. ಇನ್ನೊಂದು ಮುಖದಲ್ಲಿ ಎರೋಸನೂ ಸೈಕಿಯೂ ಅಪ್ಪಿಕೊಂಡಿರಬೇಕು. ಹರಳನ್ನು ನಾಲಗೆಯಡಿ ಇಟ್ಟು ಮಂತ್ರ ಹೇಳಬೇಕು. ಈ ವಿಧಿಗೆ ಹೊಂದುವ ಹರಳೊಂದು ದೊರೆತು, ಅದರ ವಿವರ 1930ರಲ್ಲಿ ಪ್ರಕಟವಾಯಿತು.

ಓದುತ್ತ ಓದುತ್ತ ನಮ್ಮ ನಗು ಅಡಗಿತು. ಆ ಹರಳು ಕಟ್ಟಿಸಿಕೊಂಡವರಿಗೆ ಬೇಕಾಗಿದ್ದದ್ದು ಹಿಂದಿನ ಮುಖದ ಆಲಿಂಗನ. ಅದಕ್ಕೆ ಅವರಿಗೆ ತೋರಿಸಿದ ದಾರಿ ಮಾತ್ರ ಇನ್ನೊಂದು ಜೀವವನ್ನು ಸುಡುವುದು.

ನಮ್ಮ ಮಹಾಭಾರತದ ವನಪರ್ವದಲ್ಲೂ ಸತ್ಯಭಾಮೆ ದ್ರೌಪದಿಯನ್ನು ಇದನ್ನೇ ಕೇಳುತ್ತಾಳೆ: ಐವರು ಗಂಡಂದಿರು ನಿನ್ನ ಮಾತು ಮೀರದಿರುವುದು ಮಂತ್ರದಿಂದಲೋ, ಬೇರುಬೊಡ್ಡೆಯಿಂದಲೋ? ಹೆಂಡತಿ ಮಂತ್ರ ಮಾಡುತ್ತಾಳೆಂದು ತಿಳಿದರೆ ಗಂಡನು ಮನೆಯೊಳಗೆ ಹಾವು ಸೇರಿದಂತೆ ಅಂಜುತ್ತಾನೆ ಎಂಬುದು ದ್ರೌಪದಿಯ ಉತ್ತರ. ಸಿಕ್ಕಿತು ಆಧಾರ ಎಂದು ನಮ್ಮಾಕೆಗೆ ಓದಿ ಹೇಳಿದೆವು. "ಸರಿ, ಆದರೆ ದ್ರೌಪದಿ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡಳಲ್ಲ" ಎಂದಳು.

ಆ ರಾತ್ರಿಯೇ ತಂಗಿಗೆ ಫೋನು ಮಾಡಿದೆವು. ಹರಳಿನ ಮಾತು ಎತ್ತಲಿಲ್ಲ. "ಏನಾಯ್ತಮ್ಮ?" ಎಂದಷ್ಟೇ ಕೇಳಿದೆವು. ಬಹಳ ಹೊತ್ತು ಅತ್ತಳು. ಆರು ತಿಂಗಳಿಂದ ಭಾವನವರು ಊಟಕ್ಕೆ ಕೂತರೆ ಮಾತಿಲ್ಲ, ಕೇಳಿದರೆ "ಏನೂ ಇಲ್ಲ." ಕಾರಣ ಅವಳಿಗೂ ಗೊತ್ತಿಲ್ಲ, ನಮಗೂ ಇನ್ನೂ ತಿಳಿದಿಲ್ಲ.

ಬರುವ ವಾರ ರಜೆ ಹಾಕಿ ದಾವಣಗೆರೆಗೆ ಹೊರಟಿದ್ದೇವೆ. ಅವಳಿಗೆಂದು ಎರಡು ಕಿಲೋ ಕಾಫಿಪುಡಿ ಕಟ್ಟಿಸಿದ್ದಾಗಿದೆ. ಭಾವನವರ ಪಕ್ಕ ಊಟಕ್ಕೆ ಕೂರಬೇಕು. ಅವರಾಗಿ ಮಾತಾಡುವವರೆಗೆ ನಮ್ಮ ಬಿ.ಎಸ್ಸಿ. ಬಾಯಿ ತೆರೆಯಕೂಡದು ಎಂದು ನಮ್ಮಾಕೆಯ ಅಪ್ಪಣೆಯಾಗಿದೆ.