ಕುಂಟೆತ್ತು

ಮಣ್ಣೆತ್ತಿನ ಅಮಾಸಿ ಬಂತೆಂದರೆ ನಮ್ಮ ಮನೆಯಲ್ಲಿ ತಮ್ಮನ ಎತ್ತಿನ ಮಾತು ಬಂದೇ ಬರುತ್ತದೆ. ಆಗ ಅವನಿಗೆ ನಾಲ್ಕೋ ಐದೋ. ಅವ್ವ ನಾಲ್ಕು ಅಂತಾಳೆ, ಕಾಕಾ ಐದು ಅಂತಾನೆ. ನನಗೆ ಪಕ್ಕಾ ನೆನಪಿರುವುದು ಅವನ ಚಡ್ಡಿಯ ಗುಂಡಿ. ಅದನ್ನು ಹಾಕಿಕೊಳ್ಳಲು ಬಾರದೆ, ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಶಹಾಬಾದಿನ ಓಣಿಯೆಲ್ಲ ತಿರುಗುತ್ತಿದ್ದ.

ಅಪ್ಪ ಆಗ ಫರಸಿ ಖಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ವರ್ಷ ತಮ್ಮನನ್ನು ಒಂದು ಸಣ್ಣ ಸಾಲಿಗೆ ಹಾಕಿದ್ದರು. ಎರಡು ವಾರ ಆಗಿರಲಿಕ್ಕಿಲ್ಲ, ಬಾಯಾರು ಹೇಳಿ ಕಳಿಸಿದರು: ಹುಡುಗನಿಗೆ ಬಳಪ ಹಿಡಿಯಲು ಬರುವುದಿಲ್ಲ. ಸುಳ್ಳಲ್ಲ. ಒನಕೆ ಹಿಡಿದ ಹಾಗೆ ಮುಷ್ಟಿಯಲ್ಲಿ ಬಳಪ ಹಿಡಿದು ಪಾಟಿ ಮೇಲೆ ಕುಟ್ಟುತ್ತಿದ್ದ. ಒಂದು ಪಾಟಿ ಒಡೆದೂ ಇತ್ತು. ಅಪ್ಪನಿಗೆ ಸಿಟ್ಟು, ಅವ್ವನಿಗೆ ಅಳು.

ಅಷ್ಟರಲ್ಲಿ ಅಮಾಸಿ ಬಂತು. ನಾವು ಆಯಿಯ ಊರಿಗೆ ಹೊರಟೆವು. ಮಳಖೇಡದ ಹತ್ತಿರ, ಕಾಗಿಣಾ ದಂಡೆಯ ಹಳ್ಳಿ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕು. ಅಲ್ಲಿಂದ ಹೈದರಾಬಾದಿನ ಕಡೆ ಹಳಿ ಬಿದ್ದದ್ದು 1874ರಲ್ಲಿ, ನಿಜಾಮರ ಕಾಲಕ್ಕೆ. ನಾವು ಕಾಯ್ದ ಗಾಡಿಯೂ ಅದೇ ವರ್ಷ ಹೊರಟಿತ್ತೇನೋ ಅನ್ನುವಷ್ಟು ತಡ. ತಮ್ಮ ಪ್ಲಾಟ್‌ಫಾರ್ಮಿನಲ್ಲಿ ಚುರುಮುರಿ ತಿನ್ನುವಾಗಲೂ ಹಾಗೇ, ಹಿಡಿಹಿಡಿಯಾಗಿ ಬಾಯಿಗೆ ಒತ್ತುವುದು, ಅರ್ಧ ನೆಲಕ್ಕೆ. ಚಿತ್ತಾಪುರ ದಾಟುವಷ್ಟರಲ್ಲಿ ಮಳೆ ಹಿಡಿಯಿತು.

ಆಯಿಯ ಸ್ವಭಾವ ಒಂದಿಷ್ಟು ಹೇಳಬೇಕು. ಅವಳು ಯಾರ ಮುಖ ನೋಡಿಯೂ ಮಾತಾಡುತ್ತಿರಲಿಲ್ಲ. ಕಣ್ಣೆಲ್ಲ ಮೊರದ ಮೇಲೆ. ತೊಗರಿಯೋ ಹೆಸರೋ ಹಸನು ಮಾಡುತ್ತ, ಕಲ್ಲು ಹೆಕ್ಕಿ ಬಿಸಾಡುತ್ತ, ಮೊರಕ್ಕೇ ಉತ್ತರ ಕೊಡುತ್ತಿದ್ದಳು. ಅಪ್ಪ ಬಳಪದ ಪುರಾಣ ಬಿಚ್ಚಿದಾಗಲೂ ಹಾಗೇ ಮಾಡಿದಳು.

"ಬಳಪದ್ದೂ ತಪ್ಪಿಲ್ಲ, ಕೂಸಿಂದೂ ತಪ್ಪಿಲ್ಲ. ಮುಂಗೈ ಇನ್ನಾ ಹಸೀದು ಅದ. ನಾಳಿ ಮಣ್ಣ ಕೊಡು ಅವಂಗ."

ಹುಟ್ಟಿದ ಕೂಸಿನ ಮಣಿಕಟ್ಟಿನಲ್ಲಿ ಇರುವ 8 ಎಲುಬುಗಳೂ ಬರೀ ಮೆಲ್ಲೆಲುಬು, ಅವು ಒಂದೊಂದಾಗಿ ಗಟ್ಟಿಯಾಗಲು ವರ್ಷಗಳೇ ಹಿಡಿಯುತ್ತವೆ ಅನ್ನುವುದನ್ನು ನಾನು ಓದಿದ್ದು ಎಷ್ಟೋ ಕಾಲದ ಮೇಲೆ. ಪಾಟಿ ಮುಟ್ಟದ ಆಯಿಗೆ "ಹಸೀದು" ಅನ್ನುವ ಮಾತು ಎಲ್ಲಿಂದ ಬಂತೋ. ಬಹುಶಃ ಏಳೆಂಟು ಮಕ್ಕಳನ್ನು ಎತ್ತಿ ಆಡಿಸಿದ್ದರಿಂದ.

ಮರುದಿನ ಕಾಕಾ ಹೊಳೆ ದಂಡೆಯಿಂದ ಎರಡು ಬಕೆಟ್ ಎರಿ ಮಣ್ಣು ತಂದು ಪಡಸಾಲಿಗೆ ಸುರಿದ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಹೂರಣ ಬೇಯುವ ವಾಸನೆ. ಮೊದಲು ನಮಗೆ ತುಳಿಯುವ ಕೆಲಸ. ತಮ್ಮ ಗೋಡೆ ಹಿಡಿದುಕೊಂಡು ತುಳಿದ, ಜಾರಿದ, ಮತ್ತೆ ಎದ್ದು ತುಳಿದ. ಎರಿ ಮಣ್ಣು ಸುಮ್ಮನೆ ಬಿಡುವಂಥದ್ದಲ್ಲ, ಪಾದ ಎಳೆದು ಹಿಡಿಯುತ್ತದೆ. ಆಮೇಲೆ ಹರಳು ಹೆಕ್ಕುವುದು, ಅಂಗೈಯಿಂದ ನಾದುವುದು. ನಾದಿ ನಾದಿ ಭುಜ ಸೋತ ಮೇಲೆ ಆಯಿ ಒಂದು ಮುದ್ದೆ ಮಣ್ಣು ಅವನ ಮುಂದಿಟ್ಟಳು.

ಎತ್ತು ಮಾಡುವುದೆಂದರೆ ಬೇರೆ ಬೇರೆ ತುಂಡು ಅಂಟಿಸುವುದಲ್ಲ. ಒಂದೇ ಮುದ್ದೆಯಿಂದ ನಾಲ್ಕು ಕಾಲು ಎಳೆಯಬೇಕು, ಬೆನ್ನ ಮೇಲೆ ಚಿವುಟಿ ಇಣಿ ಎಬ್ಬಿಸಬೇಕು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಕೋಡು ಮಾಡಬೇಕು. ತಮ್ಮನ ಮೊದಲನೇ ಎತ್ತು ಎಮ್ಮೆಯೂ ಅಲ್ಲ, ಹಂದಿಯೂ ಅಲ್ಲ. ಕಣ್ಣಿಗೆ ಕುಸುಬಿ ಕಾಳು ಕೊಟ್ಟರೆ, ಒಂದೊಂದು ಹೆಕ್ಕಲಾರದೆ ಒಂದು ಹಿಡಿ ತೆಗೆದು ಒತ್ತಿಯೇಬಿಟ್ಟ. ಹನ್ನೊಂದು ಕಣ್ಣಿನ ಎತ್ತು! ಕಾಕಾ ಬಿದ್ದು ಬಿದ್ದು ನಕ್ಕ. ಆಯಿ ನಗಲಿಲ್ಲ, ತಿದ್ದಲೂ ಇಲ್ಲ, ಇನ್ನೊಂದು ಮುದ್ದೆ ಮುಂದಿಟ್ಟಳು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬರೋಬರಿ ಎರಡೇ ಕಣ್ಣು ಬಂದವು, ಒಂದು ಮುಖದಲ್ಲಿ, ಒಂದು ಕೊರಳಲ್ಲಿ. ಆ ಒಂದು ಕಾಳು ಹೆಕ್ಕುವಾಗ ಅವನ ನಾಲಿಗೆ ತುಟಿಯ ಮೂಲೆಯಿಂದ ಹೊರಗೆ ಬಂದಿತ್ತು. ಅದು ಮಾತ್ರ ನಿನ್ನೆ ಕಂಡ ಹಾಗೆ ನೆನಪಿದೆ.

ಪೂಜೆ ಆಯಿತು, ಹೋಳಿಗೆ ಕಟ್ಟಿನ ಸಾರು ಆಯಿತು. ಮರುದಿನ ಹುಡುಗರು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂತು ಜ್ವಾಳ ನೀಡ್ರಿ ಅಂತ ಮನೆಮನೆಗೆ ಹೋಗುವುದು ರೂಢಿ. ತಮ್ಮನದು ಮುರಿಯುವ ಗರಜೇ ಇರಲಿಲ್ಲ, ಹುಟ್ಟು ಕುಂಟ. ಹಾಗಾಗಿ ಅವನೇ ಮುಂದಾಳು. ಮಣೆ ಮೇಲೆ ಎತ್ತು, ಮಣೆಗೆ ಎರಡೂ ಕೈ, ಕೆಳಗೆ ಮಳೆಗೆ ಪಾಚಿಗಟ್ಟಿದ ಫರಸಿ. ಒಂದೊಂದೇ ಹೆಜ್ಜೆ ಊರಿ ನಡೆಯುತ್ತಿದ್ದ. ಎರಡೂ ಕೈ ಮಣೆಗೆ ಹೋದ ಮೇಲೆ ಚಡ್ಡಿಗೆ ಯಾರು? ಮೂರನೇ ಮನೆ ಬಾಗಿಲಲ್ಲಿ ಅದು ಮೊಣಕಾಲಿಗೆ ಇಳಿಯಿತು. ಜ್ವಾಳ ತಂದ ಅಜ್ಜಿ ಮೊರ ಬಿಟ್ಟು ನಕ್ಕಳು. ಅವನು ಮಣೆ ಮಾತ್ರ ಬಿಡಲಿಲ್ಲ.

ಅಂದೇ ಸಂಜೆ ಕಟ್ಟೆ ಮೇಲೆ ಕೂತು ಗುಂಡಿ ಹಾಕಲು ಕಲಿತ ಅಂತ ಅವ್ವ ಹೇಳುತ್ತಾಳೆ. ಅಷ್ಟು ಬೇಗ ಅಲ್ಲ ಅಂತ ನನ್ನ ಅನುಮಾನ. ಪಂಚಮಿಗೆ ಕೊಬ್ಬರಿ ಬಟ್ಟಲಕ್ಕೆ ದಾರ ಪೋಣಿಸಿ ಆಡಿಸಿದ್ದಂತೂ ಖರೆ.

ಊರಿಗೆ ಮರಳಿದ ಮೇಲೆ ಅಪ್ಪ ಪಾಟಿಯನ್ನು ಅಟ್ಟಕ್ಕೆ ಹಾಕಿದರು. ಶಹಾಬಾದಿನ ಹುಡುಗರಿಗೆ ಆಟಕ್ಕೆ ಬರವೇ? ಪದರಪದರವಾಗಿ ಏಳುವ ಸುಣ್ಣಗಲ್ಲು ನಮ್ಮ ಫರಸಿ. ಖಣಿ ಹತ್ತಿರ ಚಪ್ಪಟೆ ಚಕ್ಕೆಗಳ ರಾಶಿ. ಲಗೋರಿಗೆ ಏಳು ಆರಿಸಿಕೊಂಡರೆ ಒಂದರ ಮೇಲೊಂದು ಇಟ್ಟಿಗೆ ಹಾಗೆ ಕೂರುತ್ತವೆ. ಕುಂಟಾಟಕ್ಕೆ ಗೆರೆ ಕೊರೆಯುವ ಕೆಲಸವೂ ಇಲ್ಲ, ಅಂಗಳದ ಫರಸಿಯ ಸಂದುಗಳೇ ಗೆರೆ. ಚಕ್ಕೆಯೊಂದನ್ನು ಉಜ್ಜಿ ಉಜ್ಜಿ ಬಿಲ್ಲೆ ಮಾಡಿಕೊಳ್ಳುವುದಕ್ಕೇ ಅರ್ಧ ದಿನ. ದಸರೆ ಕಳೆದ ಮೇಲೆ ಬಳಪ ತಾನಾಗಿ ಮೂರು ಬೆರಳಿಗೆ ಬಂತು.

1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸರಿ ಹೇಳಿಕೊಟ್ಟದ್ದೂ ಸುಮಾರು ಇದನ್ನೇ: ಕಾಳು ಬಗ್ಗಿಸು, ಗುಂಡಿ ಹಾಕು, ಉಸುಕು ಕಾಗದದ ಅಕ್ಷರದ ಮೇಲೆ ಬೆರಳಾಡಿಸು, ಬರವಣಿಗೆ ಆಮೇಲೆ. ಆಯಿಗೆ ಆಕೆಯ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದರೂ ಮೊರದಿಂದ ತಲೆ ಎತ್ತುತ್ತಿರಲಿಲ್ಲ ಬಿಡಿ.

ಹೋದ ವರ್ಷ ವಾಡಿಯಲ್ಲಿ ಸಂಬಂಧಿಕರ ಮನೆಗೆ ಹೋಗಿದ್ದೆ. ಮೂರು ವರ್ಷದ ಮೊಮ್ಮಗಳು ನಾಲ್ಕು ಗೆರೆ ಪಟ್ಟಿಯಲ್ಲಿ ಹೋಂವರ್ಕ್ ಬರೆಯುತ್ತ ಕೈ ನೋಯುತ್ತದೆ ಅಂತ ಅಳುತ್ತಿದ್ದಳು. ದೇವರ ಜಗುಲಿಯಲ್ಲಿ ಬಜಾರಿನಿಂದ ತಂದ, ಬಣ್ಣ ಬಳಿದ ಜೋಡೆತ್ತು. ನನ್ನ ಕೇಳಿದರೆ ಇದು ಉಲ್ಟಾ ನಡೆದಿದೆ. ಪೂಜೆಗೆ ಕೊಂಡ ಎತ್ತೇ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಈ ಅಮಾಸಿಗೆ ಸೇಡಂ ಕಡೆಯಿಂದಲೋ ಚಿಂಚೋಳಿ ಕಡೆಯಿಂದಲೋ ಬರುವವರಿಗೆ ಹೇಳಿ ಒಂದು ಚೀಲ ಎರಿ ಮಣ್ಣು ತರಿಸಿ, ಕೂಸಿನ ಮುಂದಿಡಿ. ಮನೆ ಹೊಲಸಾಗುತ್ತದೆ, ಆಗಲಿ. ನೆಲಕ್ಕೆ ಹಾಸಿದ್ದು ಶಹಾಬಾದ ಫರಸಿ, ಒಂದು ಬಕೆಟ್ ನೀರಿಗೆ ಹೋಗುತ್ತದೆ.